ಉತ್ತರಿಸದೆ ಬಿಟ್ಟ ಒಂದು ಪ್ರಶ್ನೆ

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ದಿನಗಳ ಮಾತು. ಪಾಠ ಮುಗಿಸುವ ಅವಸರದಲ್ಲಿದ್ದೆ. "1815ರಲ್ಲಿ ವಾಟರ್‌ಲೂ ಕದನದಲ್ಲಿ ಸೋತ ನೆಪೋಲಿಯನ್ ಇಂಗ್ಲಿಷರಿಗೆ ಶರಣಾದನು, ಅವನನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ಕಳುಹಿಸಲಾಯಿತು" ಎಂದು ಟಿಪ್ಪಣಿ ಬರೆಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಯಾವ ಹಡಗಿನಲ್ಲಿ ಕರೆದುಕೊಂಡು ಹೋದರು?" ಎಂದು ಕೇಳಿದ. ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದುಬಿಟ್ಟೆ. ತರಗತಿ ನಕ್ಕಿತು. ಆ ಹುಡುಗ ಆ ವರ್ಷ ಮತ್ತೊಂದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ನಿವೃತ್ತಿಯ ಬಿಡುವಿನಲ್ಲಿ ಆ ಪ್ರಶ್ನೆಯ ಬೆನ್ನು ಹತ್ತಿದೆ. ನೆಪೋಲಿಯನ್ ಶರಣಾದ ಹಡಗಿನ ಹೆಸರು ಬೆಲ್ಲೆರೊಫಾನ್. ಇಂಗ್ಲೆಂಡಿನ ಮೆಡ್ವೇ ನದಿಯ ದಡದ ಫ್ರಿಂಡ್ಸ್‌ಬರಿಯಲ್ಲಿ ಕಟ್ಟಿದ, 74 ಫಿರಂಗಿಗಳ ಈ ಹಾಯಿಹಡಗು 1786ರಲ್ಲಿ ನೀರಿಗಿಳಿಯಿತು. ಹೆಸರು ಗ್ರೀಕ್ ಪುರಾಣದ ವೀರನದು. ನಾಲಿಗೆ ತಿರುಗದ ನಾವಿಕರು ಅದನ್ನು 'ಬಿಲ್ಲಿ ರಫಿಯನ್' ಎಂದು ಕರೆದರು. ನಮ್ಮೂರಿನ ಅಜ್ಜಿಯರು ಮೊಮ್ಮಕ್ಕಳ ಹೆಸರನ್ನು ತಿದ್ದಿಕೊಳ್ಳುವ ಹಾಗೆಯೇ!

1798ರ ಆಗಸ್ಟ್ 1ರಂದು ನಡೆದ ನೈಲ್ ಕದನದಲ್ಲಿ ಅದು ತನಗಿಂತ ಬಹಳ ದೊಡ್ಡದಾದ ಓರಿಯಂಟ್ ಎಂಬ ಫ್ರೆಂಚ್ ಹಡಗಿನ ಪಕ್ಕದಲ್ಲಿ ಲಂಗರು ಹಾಕಿ ಹೋರಾಡಿತು. ಹಾಯಿಯ ಮೂರು ಕಂಬಗಳೂ ಮುರಿದುಬಿದ್ದವು. 49 ಮಂದಿ ಮಡಿದರು. ಆದರೆ ಫ್ರೆಂಚ್ ನೌಕಾಪಡೆ ನಾಶವಾಗಿ, ನೆಪೋಲಿಯನ್ನನ ಸೈನ್ಯ ಈಜಿಪ್ಟಿನಲ್ಲಿ ಒಂಟಿಯಾಯಿತು. 1799ರ ಜನವರಿಯಲ್ಲಿ ಅವನು ಟಿಪ್ಪು ಸುಲ್ತಾನನಿಗೆ ಬರೆದ ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಇವೆರಡನ್ನೂ ನಾನು ಬೇರೆ ಬೇರೆ ಅಧ್ಯಾಯಗಳಾಗಿ ಕಲಿಸಿದೆ. ನಡುವಿನ ಎಳೆಯನ್ನು ಒಮ್ಮೆಯೂ ತೋರಿಸಲಿಲ್ಲ.

1805ರ ಟ್ರಫಾಲ್ಗರ್ ಕದನದಲ್ಲಿ ಈ ಹಡಗಿನ ಕ್ಯಾಪ್ಟನ್ ಜಾನ್ ಕುಕ್ ಹತನಾದ. ಅದಾಗಿ ಹತ್ತು ವರ್ಷಗಳ ನಂತರ, 1815ರ ಜುಲೈ 15ರ ಬೆಳಿಗ್ಗೆ, ಫ್ರಾನ್ಸಿನ ರೋಶ್‌ಫೋರ್ ಬಳಿ ನೆಪೋಲಿಯನ್ ಇದೇ ಹಡಗನ್ನೇರಿ ಕ್ಯಾಪ್ಟನ್ ಮೇಟ್‌ಲೆಂಡನಿಗೆ ಶರಣಾದ. ಇಂಗ್ಲೆಂಡಿನ ತೀರದಲ್ಲಿ ಜನ ದೋಣಿಗಳಲ್ಲಿ ಬಂದು ಅವನನ್ನು ನೋಡಿ ಹೋದರು. ಅವನಿಗೆ ನೆಲದ ಮೇಲೆ ಕಾಲಿಡಲು ಅಪ್ಪಣೆ ಸಿಗಲಿಲ್ಲ. ವಯಸ್ಸಾದ ಬೆಲ್ಲೆರೊಫಾನ್ ದೂರ ಪ್ರಯಾಣಕ್ಕೆ ತಕ್ಕುದಲ್ಲವೆಂದು ಆಗಸ್ಟ್ 7ರಂದು ಅವನನ್ನು ನಾರ್ಥಂಬರ್ಲೆಂಡ್ ಎಂಬ ಹಡಗಿಗೆ ವರ್ಗಾಯಿಸಲಾಯಿತು. ಸೇಂಟ್ ಹೆಲೆನಾಕ್ಕೆ ಅವನನ್ನು ಒಯ್ದದ್ದು ಅದು.

ಟಿಪ್ಪಣಿಗೆ ಬಾರದ ಕಥೆ ಇನ್ನೂ ಇದೆ. ಚಕ್ರವರ್ತಿಯನ್ನು ಸೆರೆಹಿಡಿದ ಹಡಗನ್ನೇ ಮರುವರ್ಷ ಕೈದಿಗಳ ಸೆರೆಮನೆಯಾಗಿ ಮಾರ್ಪಡಿಸಿದರು. ಕೆಲಕಾಲ ಅದರಲ್ಲಿ ಶಿಕ್ಷೆಗೊಳಗಾದ ಬಾಲಕರನ್ನೂ ಇರಿಸಿದ್ದರು. ಹೈಸ್ಕೂಲಿನ ಮಕ್ಕಳ ನಡುವೆಯೇ ಬಾಳು ಸವೆಸಿದ ನನಗೆ ಕದನಗಳಿಗಿಂತ ಈ ಮಾತು ಹೆಚ್ಚು ಕಾಡಿತು. 1824ರಲ್ಲಿ ಅದರ ಹೆಸರನ್ನೂ ಕಿತ್ತುಕೊಂಡು ಇನ್ನೊಂದು ಯುದ್ಧನೌಕೆಗೆ ಕೊಟ್ಟರು. ಆ ನೌಕೆಯ ಹಿಂದಿನ ಹೆಸರು 'ವಾಟರ್‌ಲೂ'! ಹಳೆಯ ಹಡಗಿಗೆ ಉಳಿದದ್ದು 'ಕ್ಯಾಪ್ಟಿವಿಟಿ', ಅಂದರೆ 'ಸೆರೆ' ಎಂಬ ಹೆಸರು. 1836ರಲ್ಲಿ ಅದನ್ನು ಮಾರಿ ಒಡೆದುಹಾಕಿದರು.

ಐವತ್ತು ವರ್ಷಗಳ ಈ ಬಾಳನ್ನು ಹೇಳಲು ತರಗತಿಯಲ್ಲಿ ಹತ್ತು ನಿಮಿಷ ಸಾಕಾಗುತ್ತಿತ್ತು. "ನಾಳೆ ನೋಡಿಕೊಂಡು ಬಂದು ಹೇಳುತ್ತೇನಪ್ಪಾ" ಎಂದಿದ್ದರೆ ನನ್ನ ಗೌರವಕ್ಕೇನೂ ಕುಂದು ಬರುತ್ತಿರಲಿಲ್ಲ. ಅಂದು ಎದ್ದು ನಿಂತಿದ್ದ ಹುಡುಗ ಇದನ್ನು ಓದುತ್ತಿದ್ದರೆ, ಇದೋ ಉತ್ತರ. ತಡವಾದುದಕ್ಕೆ ಈ ಮೇಷ್ಟರನ್ನು ಕ್ಷಮಿಸು. ನಿನ್ನ ಮಕ್ಕಳು ಪ್ರಶ್ನೆ ಕೇಳಿದಾಗ "ಕುಳಿತುಕೋ" ಎನ್ನಬೇಡ.