ಗಣಿಯಾಳಿನ ಧರ್ಮ

ನೆಲದ ಮೇಲೆ ಕಾದಿ ಮಡಿದವರಿಗೆ ವೀರಗಲ್ಲುಗಳುಂಟು. ನಮ್ಮ ಸೀಮೆಯಲ್ಲಿ ಅವು ವಿರಳವಲ್ಲ. ನೆಲದ ಅಡಿಯಲ್ಲಿ ದುಡಿದು ಮಡಿದವರಿಗೆ ಅಂತಹ ಕಲ್ಲು ದೊರೆಯುವುದು ಅಪೂರ್ವ. ಲಿಂಗಸುಗೂರಿನಲ್ಲಿ ಬಹುಕಾಲ ಪಾಠ ಹೇಳಿದ ನನಗೆ ಈ ವಿಚಾರವು ಆಗಾಗ ಮನಸ್ಸಿಗೆ ಬರುವುದು. ಏಕೆಂದರೆ ನನ್ನ ಶಿಷ್ಯರಲ್ಲಿ ಹಲವರ ತಂದೆಯರು ಹಟ್ಟಿಯ ಚಿನ್ನದ ಗಣಿಗೆ ಇಳಿಯುವವರಾಗಿದ್ದರು. ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಪೂರ್ವಿಕರು 640 ಅಡಿಗಳಷ್ಟು ಆಳಕ್ಕೆ ಇಳಿದಿದ್ದರೆಂದು ಬಲ್ಲವರು ಹೇಳುವರು. ಅವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ಆದುದರಿಂದ ದೂರದೇಶದವನಾದರೂ ಹೆಸರುಳಿದ ಒಬ್ಬ ಗಣಿಯಾಳಿನ ವೃತ್ತಾಂತವನ್ನು ವಾಚಕರ ಮುಂದಿಡುವೆನು.

ವಿಲಿಯಂ ಹ್ಯಾಕೆಟನು 1873ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದನು. ಓದುಬರಹವನ್ನು ಅರಿತವನಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಲ್ಲಿದ್ದಲಿನ ಗಣಿಗಳಲ್ಲಿ ದುಡಿದನು. 1914ರಲ್ಲಿ ಮಹಾಯುದ್ಧವು ಮೊದಲಾಗಲು ಸೈನ್ಯಕ್ಕೆ ಸೇರಹೋದನು; ವಯಸ್ಸು ಮೀರಿತೆಂದು ಮೂರು ಸಲ ಹಿಂದಕ್ಕೆ ಕಳುಹಿದರು. ಆದರೆ ಫ್ರಾನ್ಸಿನಲ್ಲಿ ಉಭಯ ಪಕ್ಷದವರೂ ಕಂದಕಗಳಲ್ಲಿ ಬೇರೂರಿ ಕುಳಿತುದರಿಂದ, ಶತ್ರುವಿನ ಕಂದಕದ ಅಡಿಗೆ ಸುರಂಗ ತೋಡಿ, ಮದ್ದು ತುಂಬಿ ಸಿಡಿಸುವ ಯುದ್ಧಕ್ರಮವು ಬೆಳೆಯಿತು. ಅದಕ್ಕೆ ಗಣಿಯಾಳುಗಳೇ ಬೇಕಾದರು. ಹೀಗೆ ಕಾಲಾಳುಗಳ ಪಡೆಗೆ ಬೇಡವಾದ ಹ್ಯಾಕೆಟನನ್ನು 1915ರಲ್ಲಿ ಸುರಂಗದ ಪಡೆಗೆ ತೆಗೆದುಕೊಂಡರು.

1916ನೆಯ ಜೂನ್ 22ರಂದು ಜಿವಾಂಶಿ ಎಂಬ ಗ್ರಾಮದ ಬಳಿ ಅವನೂ ಇತರ ನಾಲ್ವರೂ ಸುರಂಗದೊಳಗಿರುವಾಗ ಜರ್ಮನರು ತಮ್ಮ ಮದ್ದನ್ನು ಸಿಡಿಸಿದರು. ಐವರೂ ಮಣ್ಣಿನಲ್ಲಿ ಸಿಕ್ಕಿಬಿದ್ದರು. ಸುಮಾರು 20 ಗಂಟೆ ಶ್ರಮಿಸಿದ ಮೇಲೆ ಒಂದು ಕಿಂಡಿಯಾಯಿತು. ಹ್ಯಾಕೆಟನು ಮೂವರನ್ನು ಅದರ ಮೂಲಕ ದಾಟಿಸಿದನು. ತಾನೂ ಸುಲಭವಾಗಿ ಹೊರಬರಬಹುದಾಗಿದ್ದಿತು. ಆದರೆ ಥಾಮಸ್ ಕಾಲಿನ್ಸ್ ಎಂಬ 22 ವರ್ಷದ ತರುಣನು ಬಲವಾದ ಗಾಯದಿಂದ ಒಳಗೇ ಬಿದ್ದಿದ್ದನು. ತಾನು ಸುರಂಗದ ಕೆಲಸದವನು, ಇತರರನ್ನು ಮೊದಲು ನೋಡಿಕೊಳ್ಳತಕ್ಕವನು ಎಂದು ಹೇಳಿ ಹ್ಯಾಕೆಟನು ಅಲ್ಲಿಯೇ ಉಳಿದನು. ಕಿಂಡಿಯು ಕಿರಿದಾಗುತ್ತ ಬಂದು ಕಡೆಗೆ ಸುರಂಗವೇ ಕುಸಿಯಿತು. ನಾಲ್ಕು ದಿನ ಅಗೆದರೂ ಇಬ್ಬರೂ ದೊರೆಯಲಿಲ್ಲ. ಇಂದಿಗೂ ಅವರು ಆ ನೆಲದೊಳಗೇ ಇರುವರು. ವಿಕ್ಟೋರಿಯಾ ಕ್ರಾಸ್ ಎಂಬ ಪರಮೋಚ್ಚ ಪದಕವನ್ನು ಅವನ ವಿಧವೆಯು ಸ್ವೀಕರಿಸಿದಳು. 2010ರಲ್ಲಿ ಆ ಸ್ಥಳದಲ್ಲಿ ಸುರಂಗದವರ ಸ್ಮಾರಕವಾಯಿತು.

ಪದಕವು ಸೈನಿಕನಿಗೆ ಸಂದಿತು. ಆದರೆ ನನ್ನ ಮತಿಗೆ ತೋರುವಂತೆ ಆ ಗುಣವು ಗಣಿಯಲ್ಲಿ ಬೆಳೆದುದು. ಒಂದೇ ಬಂಡೆಯ ಕೆಳಗೆ ಪ್ರತಿದಿನವೂ ಕೂಡಿ ದುಡಿಯುವವರಿಗೆ, ಜೊತೆಗಾರನನ್ನು ಬಿಟ್ಟು ಮೇಲೇರತಕ್ಕದ್ದಲ್ಲವೆಂಬುದನ್ನು ಯಾವ ಗ್ರಂಥವೂ ಹೇಳಿಕೊಡಬೇಕಾಗಿಲ್ಲ. ಕೊಲ್ಲುವುದಕ್ಕೆಂದು ತೋಡಿದ ಸುರಂಗದಲ್ಲಿ ಅವನು ಒಬ್ಬನನ್ನು ಕಾಯುತ್ತ ಸತ್ತನು.

ಹ್ಯಾಕೆಟನು ಸೈನ್ಯ ಸೇರಿದ ಆ 1915ರಲ್ಲಿಯೇ, ಆಗ ನಿಜಾಮರ ಆಳಿಕೆಗೆ ಸೇರಿದ್ದ ನಮ್ಮ ಮಸ್ಕಿಯಲ್ಲಿ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಅಶೋಕನ ಶಾಸನವನ್ನು ಕಂಡನು. ಅದನ್ನು ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿ ಪ್ರಕಟಿಸಿದರು. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವುದೆಂದು ಅದಕ್ಕೆ ಕೀರ್ತಿ. ಆದರೆ ಅದರ ತಾತ್ಪರ್ಯವು ಹೆಸರಿಗಿಂತ ದೊಡ್ಡದು: ಧರ್ಮದ ಫಲವು ದೊಡ್ಡವರಿಗೆ ಮಾತ್ರ ಲಭ್ಯವೆಂದು ತಿಳಿಯಬಾರದು, ಧರ್ಮಯುಕ್ತನಾದ ಅಲ್ಪನಿಗೂ ಅದು ದೊರೆಯುವುದು ಎಂದು. ಸಂಸ್ಕೃತದ ‘ಕ್ಷುದ್ರಕ’ವೇ ಅಲ್ಲಿನ ಪ್ರಾಕೃತದಲ್ಲಿ ‘ಖುದಕ’ವಾಗಿರುವುದು, ಕಳಿಂಗಯುದ್ಧದಿಂದ ಪಶ್ಚಾತ್ತಾಪಪಟ್ಟ ಚಕ್ರವರ್ತಿಯು ಆ ಪದವನ್ನು ತಿರಸ್ಕಾರದಿಂದ ಬಳಸಿಲ್ಲ.

ಕೆಲವು ವರ್ಷಗಳ ಕೆಳಗೆ ಸಿಂಧನೂರಿನ ಸಂತೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ತಾಯಿ ಎದುರಾದಳು. ಮಗನು ಓದು ಬಿಟ್ಟು ತಂದೆಯಂತೆಯೇ ಗಣಿಗೆ ಇಳಿದಿದ್ದನು. “ನನ್ನ ಮಗ ಏನೂ ಆಗಲಿಲ್ರೀ ಮಾಸ್ತರ,” ಎಂದು ಕಣ್ಣೀರು ತಂದುಕೊಂಡಳು. ನಾನು ಆಕೆಗೆ ಹ್ಯಾಕೆಟನ ಕಥೆಯನ್ನೂ ಮಸ್ಕಿಯ ಬಂಡೆಯ ಮಾತನ್ನೂ ಹೇಳಿದೆನು. ಆಕೆಯು ಎಲ್ಲವನ್ನೂ ಕೇಳಿ, ಆ ಸತ್ತವನಿಗೆ ತಾಯಿ ಇದ್ದಳೇ ಎಂದು ಮಾತ್ರ ವಿಚಾರಿಸಿದಳು.