ಇಪ್ಪತ್ತೊಂದು ಗೇರು ಕಳಚಿದ ಮೇಲೆ

ಕಳೆದ ಮಳೆಗಾಲ, ಜುಲೈ ತಿಂಗಳು. ಜೋಯಿಡಾ ತಾಲೂಕಿನ ಒಳಗಿನ ಒಂದು ಮಜರೆಯಲ್ಲಿ ಕಾಲುಸಂಕ ಕೊಚ್ಚಿಹೋಗಿದೆ, ಶಾಲೆ ಮಕ್ಕಳನ್ನು ದೊಡ್ಡವರು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸುತ್ತಿದ್ದಾರೆ ಅಂತ ಫೋನ್ ಬಂತು. ಹೋದೆ. ಫೋಟೊ ತೆಗೆದೆ, ನಾಲ್ಕು ಜನರನ್ನು ಮಾತಾಡಿಸಿದೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಸುದ್ದಿ ಕಳಿಸಬೇಕೆಂದರೆ ಗಣೇಶಗುಡಿ ಕಡೆಗೆ ಬರಬೇಕು. ಸಂಜೆ ಏಳರೊಳಗೆ ಡೆಸ್ಕಿಗೆ ಮುಟ್ಟಿದರೆ ಮರುದಿನದ ಪುಟದಲ್ಲಿ ಜಾಗ, ಇಲ್ಲದಿದ್ದರೆ ಇಲ್ಲ.

ಏರು ಬಂತು, ಗೇರು ಇಳಿಸಿದೆ. ಕಟಕ್ ಅಂತ ಸದ್ದಾಯಿತು. ಹಿಂದಿನ ಚಕ್ರ ನಿಂತೇಬಿಟ್ಟಿತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದೂಡಲು ಹಿಂದೆ ಜೋತಾಡುವ ಒಂದು ಕೈ ಇರುತ್ತದಲ್ಲ, ಡಿರೇಲರ್ ಅಂತಾರೆ, ಅದು ಸ್ಪೋಕ್ ಕಡ್ಡಿಗಳ ಮಧ್ಯೆ ಹೋಗಿ ಸಿಕ್ಕಿ ಮುರಿದುಕೊಂಡಿತ್ತು. ಮೂರು ಕಡ್ಡಿಯೂ ಹೋದವು. ಹಿಂದಿನ ಚಕ್ರ ಎತ್ತಿ ಹಿಡಿದು ಕಾಡಿನ ದಾರಿಯಲ್ಲಿ ನಡೆದೆ. ಕತ್ತಲಾಯಿತು. ಕೊನೆಗೆ ಒಂದು ಟೆಂಪೊದವರು ಹತ್ತಿಸಿಕೊಂಡರು. ನೆಟ್‌ವರ್ಕ್ ಸಿಕ್ಕಾಗ ಒಂಬತ್ತೂವರೆ. ಮರುದಿನ ಬೇರೆ ಕಡೆ ಗುಡ್ಡ ಕುಸಿಯಿತು, ಸಂಕದ ಸುದ್ದಿ ಹಳೆಯದಾಯಿತು. ಒಂದು ವಾರದ ತನಕ ಮಜರೆಯವರು ಯಾರಾದರೊಬ್ಬರು ಪೇಟೆಗೆ ಬಂದಾಗ ಫೋನ್ ಮಾಡಿ ಕೇಳುತ್ತಿದ್ದರು, "ನಮ್ಮ ಸಂಕದ್ದು ಬಂತಾ?"

ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಐದು ಡಬ್ಲ್ಯೂ ಒಂದು ಎಚ್ ಕಲಿಸಿದ್ದರು. ಚೈನ್ ಹಾಕುವುದು ಕಲಿಸಿರಲಿಲ್ಲ.

ಸೈಕಲ್ಲು ಯಾಕೆ ಅಂತ ಕೇಳಬಹುದು. ಅಪ್ಪನ ಆಸ್ಪತ್ರೆ ಖರ್ಚಿಗೆ ಬೈಕು ಮಾರಿದ್ದೆ. ಬಿಡಿ ವರದಿಗೆ ಸಿಗುವ ಹಣದಲ್ಲಿ ಪೆಟ್ರೋಲು ಹಾಕಿಸಿ ಜೋಯಿಡಾ ಸುತ್ತಿದರೆ ಕೈಯಲ್ಲಿ ಉಳಿಯುವುದು ಬರೀ ಧೂಳು. ಯಾರೋ ಹಳೆಯ ಮೌಂಟೇನ್ ಬೈಕು ಮಾರುತ್ತಿದ್ದರು, ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಒಟ್ಟು ಇಪ್ಪತ್ತೊಂದು ಗೇರು. ಘಟ್ಟಕ್ಕೆ ಇದೇ ಸರಿ ಅಂದುಕೊಂಡೆ. ಇಪ್ಪತ್ತೊಂದರಲ್ಲಿ ನಾನು ಬಳಸುತ್ತಿದ್ದುದು ಮೂರೋ ನಾಲ್ಕೋ. ಉಳಿದವಕ್ಕೆ ಕೆಂಪು ಮಣ್ಣು ತಿನ್ನಿಸುತ್ತಿದ್ದೆ ಅಷ್ಟೆ.

ಮುರಿದದ್ದರ ಬದಲಿಗೆ ಹೊಸ ಡಿರೇಲರ್ ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಅಲ್ಲೂ "ನಾಳೆ ಬರ್ರಿ" ಅಂದರು. ಎರಡು ಸಲ ಬಸ್ ಚಾರ್ಜು ಕೊಟ್ಟ ಮೇಲೆ ದಾಂಡೇಲಿಯಲ್ಲೇ ಅಪ್ಪ ಸೈಕಲ್ಲು ರಿಪೇರಿ ಮಾಡಿಸುತ್ತಿದ್ದ ಚಾಚಾ ಹತ್ತಿರ ಹೋದೆ. ಕಾಗದ ಕಾರ್ಖಾನೆಯ ಶಿಫ್ಟಿಗೆ ಓಡಾಡಿದ ಎಷ್ಟೋ ಸೈಕಲ್ಲುಗಳು ಅವರ ಕೈಯಲ್ಲಿ ದಾಟಿವೆ. ಅವರು ನನ್ನ ಹಿಂದಿನ ಚಕ್ರ ತಿರುಗಿಸಿ ನೋಡಿ, "ಪೇಪರ್ ಸಾಹೇಬ್ರ, ಇಷ್ಟು ಹಲ್ಲು ಇಟ್ಕೊಂಡು ಏನ್ ಕಬ್ಬು ತಿಂತೀರೇನು? ಎಲ್ಲಾ ಕಿತ್ತು ಒಂದ ಮಾಡೂಣು" ಅಂದರು.

ನಿಮ್ಮ ಮನೆ ಹಿಂದೆಯೂ ಗೇರು ಕೆಟ್ಟ ಸೈಕಲ್ಲು ಬಿದ್ದಿದ್ದರೆ ಇಲ್ಲಿಂದ ಸ್ವಲ್ಪ ಗಮನ ಕೊಡಿ. ನಾನು ಮಾಡಿದ ತಪ್ಪು ನೀವು ಮಾಡುವುದು ಬೇಡ.

ಮೊದಲ ಸಮಾಧಾನ ಹಬ್‌ನಲ್ಲಿತ್ತು. ನನ್ನ ಏಳು ಹಲ್ಲುಚಕ್ರಗಳ ಗುಚ್ಛ ಹಬ್ ಮೇಲೆ ತಿರುಪಿನಿಂದ ಕೂರುವ ಜಾತಿಯದು. ಅಪ್ಪನ ಕಾಲದ ಸೈಕಲ್ಲಿನ ಒಂಟಿ ಫ್ರೀವೀಲಿನ ತಿರುಪಿನ ಅಳತೆಯೂ ಅದೇ. ಅದನ್ನು ಬಿಚ್ಚಿ ಇದನ್ನು ಕೂರಿಸಬಹುದು. (ದುಬಾರಿ ಸೈಕಲ್ಲುಗಳಲ್ಲಿ ತಿರುಪು ಇರುವುದಿಲ್ಲ, ಗಾಡಿಯಂತೆ ಗಾಡಿಯಂತೆ ಗೀರಿರುವ ಕೊಳವೆಗೆ ಹಲ್ಲುಚಕ್ರ ತೂರಿಸಿರುತ್ತಾರೆ. ಅಂಥದ್ದಕ್ಕೆ ಈ ಫ್ರೀವೀಲ್ ಕೂರುವುದಿಲ್ಲ.) ಬಿಚ್ಚುವುದು ಮಾತ್ರ ಸುಲಭವಲ್ಲ. ನಾವು ಪೆಡಲ್ ತುಳಿದಷ್ಟೂ ಅದು ಬಿಗಿಯುತ್ತಾ ಹೋಗಿರುತ್ತದೆ. ಚಾಚಾ ಬಿಚ್ಚುವ ಕೀಲಿಯನ್ನು ವೈಸಿಗೆ ಕಚ್ಚಿಸಿ, ಚಕ್ರವನ್ನೇ ಸ್ಟೇರಿಂಗಿನಂತೆ ಹಿಡಿದು ಎಡಕ್ಕೆ ತಿರುಗಿಸಿದರು. ಅವರಿಗೆ ಅರವತ್ತು ದಾಟಿದೆ. ನನ್ನ ಕೈಯಲ್ಲಿ ಅಲ್ಲಾಡಿರಲಿಲ್ಲ.

ಹದಿನೆಂಟು ಹಲ್ಲಿನ ಫ್ರೀವೀಲ್ ಹಾಕಿದೆವು. ದುಡ್ಡು ಉಳಿಸಲು ನಾನು ಹಳೇ ಚೈನೇ ಇರಲಿ ಅಂದೆ. ಅದು ಹಲ್ಲಿನ ಮೇಲೆ ಕುಳಿತೇ ಇತ್ತು, ಒಳಗೆ ಇಳಿಯಲಿಲ್ಲ. ಗೇರ್ ಸೈಕಲ್ಲಿನ ಚೈನಿನ ಒಳಗಲ 3/32 ಇಂಚು. ಸಾದಾ ಸೈಕಲ್ಲಿನದು 1/8 ಇಂಚು, ಚಾಚಾ ಲೆಕ್ಕದಲ್ಲಿ ಒಂದು ಸೂತ್. ದಪ್ಪ ಹಲ್ಲಿಗೆ ಸಣ್ಣ ಚೈನ್ ಹೋಗುವುದಿಲ್ಲ, ಆದರೆ ಮುಂದಿನ ತೆಳು ಹಲ್ಲಿನ ಮೇಲೆ ಅಗಲದ ಚೈನ್ ಓಡುತ್ತದೆ, ಸ್ವಲ್ಪ ಸದ್ದು ಮಾಡುತ್ತದೆ ಅಷ್ಟೆ. ಹಾಗಾಗಿ ಸಾದಾ ಚೈನೇ ಹಾಕಿಸಿದೆ. ಅದು ಪ್ರತಿ ಊರಿನ ಅಂಗಡಿಯಲ್ಲೂ ಸಿಗುತ್ತದೆ, ನನಗೆ ಬೇಕಾಗಿದ್ದೂ ಅದೇ.

ಮುಂದಿನ ಮೂರು ಹಲ್ಲುಚಕ್ರಗಳು ರಿವೆಟ್ ಹೊಡೆದಂಥವು, ಬಿಚ್ಚಲು ಬರುವುದಿಲ್ಲ. ನಡುವಿನ ಮೂವತ್ನಾಲ್ಕು ಹಲ್ಲಿನದನ್ನು ಇಟ್ಟುಕೊಂಡೆವು. ಅದರಿಂದ ಹಿಂದಿನ ಫ್ರೀವೀಲಿಗೆ ಚಾಚಾ ಒಂದು ದಾರ ಎಳೆದು ಹಿಡಿದರು. ಹಿಂದಿನದು ಸುಮಾರು ನಾಲ್ಕು ಮಿಲಿಮೀಟರ್ ಒಳಗಿತ್ತು. ಗೇರು ಇದ್ದಾಗ ಚೈನ್ ಸೊಟ್ಟಗೆ ಓಡಿದರೂ ನಡೆಯುತ್ತದೆ, ಹಿಡಿದುಕೊಳ್ಳಲು ಡಿರೇಲರ್ ಇರುತ್ತದೆ. ಒಂಟಿ ಹಲ್ಲಿನಲ್ಲಿ ಸೊಟ್ಟಗಿದ್ದರೆ ಕುಲುಕಿದ ಕೂಡಲೇ ಬೀಳುತ್ತದೆ. ಎಕ್ಸೆಲಿನ ಬಲಬದಿಯ ವಾಷರುಗಳನ್ನು ತೆಗೆದು ಎಡಕ್ಕೆ ಹಾಕಿದರು. ಹಬ್ ಬಲಕ್ಕೆ ಸರಿಯಿತು. ರಿಮ್ಮನ್ನು ಮತ್ತೆ ನಡುವಿಗೆ ತರಲು ಎಡಗಡೆಯ ಕಡ್ಡಿಗಳನ್ನು ಬಿಗಿದು ಬಲಗಡೆಯವನ್ನು ಸಡಿಲಿಸಿದರು. ಇದರಲ್ಲೊಂದು ಲಾಭವೂ ಇದೆ. ಏಳು ಹಲ್ಲುಚಕ್ರಕ್ಕೆ ಜಾಗ ಬಿಡಲು ಬಲಬದಿಯ ಕಡ್ಡಿಗಳೇ ಹೆಚ್ಚು ಎಳೆತ ತಿನ್ನುತ್ತಿರುತ್ತವೆ. ಈಗ ಎರಡೂ ಬದಿ ಹೆಚ್ಚುಕಡಿಮೆ ಸಮ. ಆಮೇಲೆ ಒಂದು ಕಡ್ಡಿಯೂ ಮುರಿದಿಲ್ಲ.

ಆದರೂ ಮೊದಲ ವಾರ ಚೈನ್ ಬೀಳುತ್ತಲೇ ಇತ್ತು. ಕಾರಣ ಎಕ್ಸೆಲ್ ಕೂರುವ ಸೀಳು. ಅಪ್ಪನ ಸೈಕಲ್ಲಿನಲ್ಲಿ ಸೀಳು ಉದ್ದಕ್ಕೆ ಇತ್ತು, ಚಕ್ರ ಹಿಂದಕ್ಕೆ ಎಳೆದರೆ ಚೈನ್ ಬಿಗಿಯುತ್ತಿತ್ತು. ನನ್ನದರಲ್ಲಿ ಸೀಳು ನೇರ ಮೇಲಕ್ಕೆ, ಎಳೆಯಲು ಜಾಗವೇ ಇಲ್ಲ. ಒಂದು ಕೊಂಡಿ ತೆಗೆದರೆ ಚೈನ್ ಮುಟ್ಟುವುದಿಲ್ಲ, ಬಿಟ್ಟರೆ ಜೋಲುತ್ತದೆ. ಚಾಚಾ ಇದಕ್ಕೆ ಮದ್ದು ಹುಡುಕಿದ್ದು ಹಲ್ಲಿನ ಎಣಿಕೆಯಲ್ಲಿ. ಹಿಂದೆ ಒಂದು ಹಲ್ಲು ಹೆಚ್ಚಿದರೆ ಎಕ್ಸೆಲನ್ನು ಸುಮಾರು ಮೂರು ಮಿಲಿಮೀಟರ್ ಹಿಂದಕ್ಕೆ ಎಳೆದಷ್ಟೇ ಬಿಗಿ ಬರುತ್ತದೆ. ಹದಿನೆಂಟು ತೆಗೆದು ಇಪ್ಪತ್ತು ಹಾಕಿದರು. ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಆಡುವಷ್ಟು, ಬೇಕಾದ ಹಾಗೇ ಬಂತು.

ಲೆಕ್ಕ ಇಷ್ಟು: ಮೂವತ್ನಾಲ್ಕನ್ನು ಇಪ್ಪತ್ತರಿಂದ ಭಾಗಿಸಿದರೆ 1.7. ಪೆಡಲ್ ಒಂದು ಸುತ್ತು ಬಂದರೆ ನನ್ನ 26 ಇಂಚಿನ ಚಕ್ರ ಸುಮಾರು ಮೂರೂವರೆ ಮೀಟರ್ ಹೋಗುತ್ತದೆ. ಅಪ್ಪನ ಸೈಕಲ್ಲು ಐದು ಮೀಟರಿಗಿಂತ ಹೆಚ್ಚು ಹೋಗುತ್ತಿತ್ತು. ಜೋಯಿಡಾದ ಏರುಗಳಿಗೆ ನನ್ನದು ಸರಿ, ನಿಂತು ತುಳಿದರೆ ಹತ್ತುತ್ತದೆ. ಕೆಲವು ಕಡೆ ಇಳಿದು ತಳ್ಳುತ್ತೇನೆ, ಗೇರು ಇದ್ದಾಗಲೂ ಅಲ್ಲಿ ತಳ್ಳುತ್ತಲೇ ಇದ್ದೆ. ಹಳಿಯಾಳದ ಕಡೆ ಪರವಾಗಿಲ್ಲ. ಒಮ್ಮೆ ಹಠಕ್ಕೆ ಬಿದ್ದು ಹಳಿಯಾಳದಿಂದ ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಇದರಲ್ಲೇ ಹೋದೆ. ಸಪಾಟು ರಸ್ತೆಯಲ್ಲಿ ಕಾಲು ಹೊಲಿಗೆ ಮಷಿನ್ನಿನಂತೆ ಓಡುತ್ತದೆ, ಸೈಕಲ್ಲು ಮಾತ್ರ ಮುಂದೆ ಹೋಗುವುದಿಲ್ಲ. ಮುಂಡಗೋಡಕ್ಕೆ ಈಗ ಬಸ್ಸು.

ಚೈನ್ ಸವೆದಂತೆ ಮತ್ತೆ ಜೋಲತೊಡಗಿತು. ಹನ್ನೆರಡು ಇಂಚಿನಲ್ಲಿ ಇಪ್ಪತ್ನಾಲ್ಕು ಕೊಂಡಿ ಇರಬೇಕು, ಅದು ಹನ್ನೆರಡರ ಮೇಲೆ ಒಂದು ಸೂತ್ ಆದಾಗ ಚೈನ್ ಬದಲಿಸಿ ಅಂತ ಚಾಚಾ ಹೇಳಿದ್ದಾರೆ. ಅಲ್ಲಿಯ ತನಕ ಮುರಿದ ಡಿರೇಲರಿನ ಸಣ್ಣ ರಾಟೆಯನ್ನೇ ಒಂದು ಪಟ್ಟಿಗೆ ಬಿಗಿದು, ಚೈನನ್ನು ಕೆಳಗಿನಿಂದ ಒತ್ತುವ ಹಾಗೆ ಕೂರಿಸಿದ್ದಾರೆ. ಎಲ್ಲ ಸೇರಿ ಐನೂರು ರೂಪಾಯಿಯೂ ಆಗಲಿಲ್ಲ.

ತೆಗೆದ ಹದಿನೆಂಟು ಹಲ್ಲಿನ ಫ್ರೀವೀಲ್ ಚೀಲದಲ್ಲೇ ಇತ್ತು. ಮಳೆ ನಿಂತ ಮೇಲೆ ಆ ಮಜರೆಗೆ ಮತ್ತೆ ಹೋದೆ. ಹಿಂದೆ ಸಂಕದ ಫೋಟೊದಲ್ಲಿದ್ದ ಹುಡುಗನ ಮನೆಯ ಕೊಟ್ಟಿಗೆಯಲ್ಲಿ ಅವನ ಅಕ್ಕನ ಸರ್ಕಾರಿ ಸೈಕಲ್ಲು ಒರಗಿತ್ತು, ಎಂಟನೇ ತರಗತಿಗೆ ಕೊಡುತ್ತಿದ್ದರಲ್ಲ, ಅದು. ಪೆಡಲ್ ಮುಂದಕ್ಕೂ ಹಿಂದಕ್ಕೂ ಖಾಲಿ ತಿರುಗುತ್ತಿತ್ತು. ಫ್ರೀವೀಲ್ ಸತ್ತಿದೆ ಅಂತ ಈಗ ನನಗೂ ಗೊತ್ತಾಗುತ್ತದೆ. ಹಿಂದಿನ ಚಕ್ರ ಬಿಚ್ಚಿ ಕ್ಯಾರಿಯರಿಗೆ ಕಟ್ಟಿಕೊಂಡು ದಾಂಡೇಲಿಗೆ ತಂದೆ, ಚಾಚಾ ಹದಿನೆಂಟರದ್ದನ್ನು ಕೂರಿಸಿಕೊಟ್ಟರು, ದುಡ್ಡು ಮುಟ್ಟಲಿಲ್ಲ. ಮುಂದಿನ ವಾರ ಕೊಂಡೊಯ್ದು ಹಾಕಿದೆವು.

ಸಂಕದ ಸುದ್ದಿ ಈ ಸಲ ಹೊತ್ತಿಗೆ ಮುಂಚೆ ಮುಟ್ಟಿತು, ನಾಲ್ಕು ಸಾಲು ಬಂತು. ಸಂಕ ಇನ್ನೂ ಆಗಿಲ್ಲ. ಊರವರೇ ಅಡಿಕೆ ಮರದ ಎರಡು ದಬ್ಬೆ ಹಾಕಿಕೊಂಡಿದ್ದಾರೆ. ಹುಡುಗ ಅಲ್ಲಿಯ ತನಕ ತುಳಿದುಕೊಂಡು ಬರುತ್ತಾನೆ, ಸೈಕಲ್ಲನ್ನು ಹೆಗಲಿಗೇರಿಸಿ ದಬ್ಬೆ ದಾಟುತ್ತಾನೆ, ಆಚೆ ದಂಡೆಯಲ್ಲಿ ಇಳಿಸಿ ಮತ್ತೆ ಹತ್ತುತ್ತಾನೆ.