ಮುದುಕ ಪೈಲ್ವಾನನ ಜೋಡಿ

ಹರೇದ ಹುಡುಗ ನಲವತ್ತು ದಾಟಿದವನ ಜೋಡಿ ಕುಸ್ತಿಗೆ ನಿಂತ್ರ ಏನ ಮಾಡಬೇಕು ಅಂತ ಯಾರನ್ನರ ಕೇಳ್ರಿ, ಒಂದ ಮಾತು ಹೇಳತಾರ: ಓಡ್ಯಾಡಿಸು, ದಣಸು, ದಮ್ಮು ಹತ್ತಿದ ಮ್ಯಾಲ ಕೆಡವು. ಬೈಲಹೊಂಗಲದ ಹತ್ತಿ ಪ್ಯಾಟ್ಯಾಗಿನ ಹಮಾಲರಿಂದ ಹಿಡದು ಚಾ ಅಂಗಡಿಯವರ ತನಕಾ ಎಲ್ಲಾರೂ ಈ ವಿದ್ಯಾ ಬಲ್ಲವರ. ನಮ್ಮ ಗರಡಿ ಹುಡುಗನೂ ಇದನ್ನ ನಂಬಿಕೊಂಡು ಸವದತ್ತಿ ಕಡೆ ಒಂದು ಜಾತ್ರಿಗೆ ಹೋಗಿ ಬೆನ್ನಿಗೆ ಮಣ್ಣು ಹಚ್ಚಿಸಿಕೊಂಡು ಬಂದ.

ಕೆಡವಿದಂವ ಸಾಂಗಲಿ ಕಡೆ ಪೈಲ್ವಾನ. ಎರಡೂ ಕಿವಿ ಒಡದು ಮುದ್ದಿ ಆಗಿದ್ವು, ಎಡಗಾಲು ಒಂಚೂರು ಎಳದು ನಡೀತಿದ್ದ. ನಮ್ಮಂವ ನುಗ್ಗಿದ, ಅಂವ ಹಿಂದ ಸರದ. ಮತ್ತ ನುಗ್ಗಿದ, ಮತ್ತ ಸರದ. ಅದರ ಮುಂದಿನ ಸಲ ಸರೀಲೇ ಇಲ್ಲ. ಸೊಂಟ ಒಳಗ ಕೊಟ್ಟು ಢಾಕ್ ಹಾಕಿದ. ಹುಡುಗನ ಜೋರ ಹುಡುಗನ್ನ ಒಗದಿತ್ತು.

ನಮ್ಮ ವಸ್ತಾದ್ರು ಬೈಲಿಲ್ಲ. ಗರಡಿ ಮನ್ಯಾಗ ಹನುಮಪ್ಪನ ಫೋಟೊದ ಬಾಜೂಕ ಶ್ರೀಪತಿ ಖಂಚನಾಳೆಯವರದೂ ಒಂದು ಫೋಟೊ ಇತ್ತು. ನಮ್ಮ ಜಿಲ್ಲಾದ ಯಕ್ಸಂಬಾದವರು, 1959ರಾಗ ಹಿಂದ್ ಕೇಸರಿ ಆದವರು. ಅದರ ಕೆಳಗ ಹುಡುಗನ್ನ ಕುಂದ್ರಿಸಿಕೊಂಡು ವಸ್ತಾದ್ರು ಗಾಮಾ ಪೈಲ್ವಾನನ ಕತಿ ತಗದ್ರು. 1910ರ ಸೆಪ್ಟೆಂಬರದಾಗ ಲಂಡನ್ ಊರಾಗ ಪೋಲಂಡದ ಝಬಿಸ್ಕೋ ಗಾಮಾನ ಮುಂದ ಹೊಟ್ಟಿ ಕೆಳಗ ಮಾಡಿ ಮಲಗಿಬಿಟ್ಟ. ಎರಡೂವರಿ ತಾಸಿನ ಮ್ಯಾಲೂ ಗಾಮಾ ಅವನ್ನ ಹೊಳ್ಳಿಸಾಕ ನೋಡಿದ, ಆಗಲಿಲ್ಲ. ಕುಸ್ತಿ ಬರೋಬರಿ ಆತು. ಇಬ್ಬರಿಗೂ ವಯಸ್ಸಾದ ಮ್ಯಾಲ, 1928ಕ್ಕ ಪಟಿಯಾಲಾದಾಗ ಮತ್ತ ಗಂಟುಬಿದ್ರು. ಒಂದು ನಿಮಿಷದೊಳಗ ಝಬಿಸ್ಕೋ ಚಿತ್.

"ಗಾಮಾ ಲಂಡನ್ನಿನಾಗ ಮಲಗಿದವನ್ನ ಎಬ್ಬಸಾಕ ಹೋದ. ಪಟಿಯಾಲಾದಾಗ ಮಲಗೂದಕ್ಕ ಬಿಡಲಿಲ್ಲ. ತಿಳೀತೇನಲೇ?" ಅಂದ್ರು. ಹುಡುಗಗ ತಿಳೀಲಿಲ್ಲ. ನನಗೂ ಅವತ್ತು ಅರ್ಧಾನ ತಿಳದದ್ದು.

ಮರುದಿನದಿಂದ ವಸ್ತಾದ್ರು ತಾವ ಮುದುಕ ಪೈಲ್ವಾನ ಆದ್ರು. ಅರವತ್ತು ದಾಟಿದ ಮನಷ್ಯಾ, ಮೈಯಾಗ ಕಸುವು ಅಷ್ಟಕ್ಕಷ್ಟ. ಆದ್ರ ಹುಡುಗನ ಕುತ್ತಿಗಿ ಮ್ಯಾಲ ಕೈ ಹಾಕಿ ಇಡೀ ಭಾರ ಬಿಟ್ಟು ನಿಂತ್ರಂದ್ರ ಹುಡುಗ ಬೆವರು ಸುರಸತಿದ್ದ, ಅವರು ಉಸರು ತಗೋತಿದ್ರು. ಹಿರೇ ಪೈಲ್ವಾನ ದಣಿಯೂದಿಲ್ಲ ಅಂತಲ್ಲ, ಎದುರಾಳಿ ಹೆಗಲ ಮ್ಯಾಲ ದಣಿವಾರಿಸಿಕೊಳ್ತಾನ. ಬಾಕ್ಸಿಂಗಿನಾಗೂ ಹಿಂಗ ಅಂತ ಮುಂದ ಎಷ್ಟೋ ವರ್ಷಕ್ಕ ಓದಿದೆ. 1974ರಾಗ ಕಿನ್ಶಾಸಾದಾಗ 32 ವರ್ಷದ ಮೊಹಮ್ಮದ್ ಅಲಿ ಹಗ್ಗಕ್ಕ ಒರಗಿ ನಿಂತು, 25ರ ಜಾರ್ಜ್ ಫೋರ್‌ಮನ್ನನ ಕಡೆ ಬೇಕಾದಷ್ಟು ಗುದ್ದಿಸಿಕೊಂಡು, ಎಂಟನೇ ಸುತ್ತಿಗೆ ಅವನ್ನ ಮಲಗಿಸಿದ. ಓದಿದಾಗ ನನಗ ಅಲಿಗಿಂತ ಮೊದಲ ವಸ್ತಾದ್ರ ಮಾರಿ ಕಣ್ಣಮುಂದ ಬಂತು.

ಅವರು ಕಲಿಸಿದ್ದು ಹೊಸಾ ಪಟ್ಟಲ್ಲ. ಕುತ್ತಿಗಿಗೆ ಕೈ ಬರೂದ್ರಾಗ ಮುಂಗೈ ಹಿಡದು ತಳ್ಳು. ನೇರ ನುಗ್ಗಬ್ಯಾಡ, ಅವನ ಎಡಗಾಲಿನ ಕಡೆ ಸುತ್ತು. ಕುಂಟೋ ಕಾಲ ಮ್ಯಾಲ ಅಂವ ತಿರಗ್ಯಾಡ್ಲಿ. ಅಂವ ತಾನಾಗೇ ಕೊಟ್ಟದ್ದು ಏನೂ ತಗೋಬ್ಯಾಡ. ಈ ಕಡೇದು ಭಾಳ ಕಷ್ಟದ್ದು. ಇಪ್ಪತ್ತರ ಹುಡುಗನ ಮುಂದ ಕಾಲು ಚಾಚಿದ್ರ ಕೈ ತನ್ನಷ್ಟಕ್ಕ ಹೋಗತೈತಿ.

ಮತ್ತ ಜೋಡಿ ಬಿದ್ದದ್ದು ರಾಮದುರ್ಗ ತಾಲೂಕಿನಾಗ, ಮಲಪ್ರಭಾ ದಂಡಿ ಮ್ಯಾಲಿನ ಒಂದು ಊರಾಗ. ಕಡೇ ಕುಸ್ತಿ, ನಿಕಾಲಿ: ಗಡಿಯಾರಿಲ್ಲ, ಅಂಕ ಇಲ್ಲ, ಒಬ್ಬನ ಬೆನ್ನು ಮಣ್ಣಿಗೆ ಹತ್ತೂತನಕ ನಡೀಬೇಕು. ಬೆಳ್ಳಿ ಖಡೇ ಇಟ್ಟಿದ್ರು. ಮುದುಕ ಮೊದಲ ಲಂಗೋಟಿ ಸರಿ ಮಾಡಿಕೊಂಡ, ಮಣ್ಣು ತಗೊಂಡು ಸಾವಕಾಶ ತೋಳಿಗೆ ತಿಕ್ಕಿಕೊಂಡ, ಕಣದ ಅಂಚಿಗೆ ಹೋಗಿ ಪಂಚರ ಜೋಡಿ ಏನೋ ಮಾತಾಡಿದ. ನಮ್ಮಂವ ಸುಮ್ಮನ ನಿಂತ. ಹಲಗಿಯವನಿಗೇ ಬ್ಯಾಸರ ಬಂತು.

ಸುರುವಾದ ಮ್ಯಾಲೂ ನೋಡೂವಂಥಾದ್ದೇನೂ ಇರಲಿಲ್ಲರಿ. ಕೈ ತಳ್ಳೂದು, ಸುತ್ತೂದು. ಮಂದಿ "ಹಿಡೀರಲೇ, ಮದವಿಗೆ ಬಂದೀರೇನು!" ಅಂತ ಒದರಿದ್ರು. ಒಮ್ಮೆ ಮುದುಕ ಕೆಮ್ಮಿದ, ಮುಗ್ಗರಿಸಿದಂಗ ಮಾಡಿ ಬಲಗಾಲು ಮುಂದ ಬಿಟ್ಟ. ಇಡೀ ಜಾತ್ರಿ "ಕಾಲು! ಕಾಲು!" ಅಂತು. ಹುಡುಗ ಮುಟ್ಟಲಿಲ್ಲ. ಮುದುಕ ತಲಿ ಎತ್ತಿ ಅವನ ಮಾರಿ ನೋಡಿ ನಕ್ಕ, ಕೆಮ್ಮು ಅಲ್ಲಿಗೇ ನಿಂತಿತು.

ಆಮ್ಯಾಲ ಝಬಿಸ್ಕೋನ ಆಟ. ಹುಡುಗ ಬೆನ್ನ ಹಿಂದ ಹೊಕ್ಕಿದ್ದ ತಡ, ಮುದುಕ ಬೋರಲಾಗಿ ಮಲಗಿದ. ಹುಡುಗ ಘಿಸ್ಸಾ ಹಾಕಲಿಲ್ಲ, ಹೊಳ್ಳಿಸಾಕೂ ಹೋಗಲಿಲ್ಲ. ಎದಿ ಇಟ್ಟು ಭಾರ ಹಾಕಿ ಬಿದ್ದುಕೊಂಡ. ಈಗ ಹೊರೂ ಪಾಳಿ ಮುದುಕಂದು. ಬಿಸಲು, ಕೆಂಪು ಮಣ್ಣಿನ ಝಳಾ, ಅವನ ಪಕ್ಕಡಿ ಏರಿಳಿಯೂದು ನನಗ ಕಣದ ಹೊರಗಿಂದ ಕಾಣತಿತ್ತು. ಸಾಕಷ್ಟು ಹೊತ್ತು ಹಿಂಗ ಆದ ಮ್ಯಾಲ ಹುಡುಗ ತಾನಾಗೇ ಬಿಟ್ಟು ಎದ್ದ. ಮಂದಿ ಬೈದ್ರು. ನಾನೂ ಹಲ್ಲು ಕಡದೆ. ವಸ್ತಾದ್ರು ಮಾತ್ರ ಟಾವೆಲ್ ಹೆಗಲಿಗೆ ಹಾಕ್ಕೊಂಡು ನಿಂತ್ರು, ಮುಗೀತು ಅನ್ನೂವಂಗ.

ಮುದುಕ ಏಳಬೇಕಲ್ಲ? ಒಂದು ಕೈ ಮಣ್ಣಾಗ ಊರಿದ, ಒಂದು ಮೊಣಕಾಲು ಎತ್ತಿದ. ಆ ಗಳಿಗ್ಯಾಗ ಅವನ ಹಂತ್ಯಾಕ ಹಿಡಿಯಾಕ ಕೈ ಇಲ್ಲ, ನಿಂದ್ರಾಕ ಕಾಲಿಲ್ಲ. ಹುಡುಗ ಹೊಕ್ಕು ಎರಡೂ ತೊಡಿ ಕೂಡಿಸಿ ಪಟ್ ಹಿಡದು ಎತ್ತಿದ. ಬೆನ್ನು ಮಣ್ಣಿಗೆ ಬಿದ್ದ ಸಪ್ಪಳ ಕೇಳಿದ ಮ್ಯಾಲ ಹಲಗಿ ಸುರುವಾತು.

ಮುದುಕ ಎದ್ದು ಹುಡುಗನ ಕೈ ಮ್ಯಾಲೆತ್ತಿದ, ನಮ್ಮ ವಸ್ತಾದ್ರ ಕಾಲಿಗೆ ನಮಸ್ಕಾರ ಮಾಡಿದ. ಅವತ್ತು ರಾತ್ರಿ ನಮ್ಮ ಜೋಡೀನ ರೊಟ್ಟಿ ಉಂಡ. ಉಣಕೋತ, ಎಷ್ಟು ದಿನಾ ತಾಲೀಮು ಮಾಡಿಸಿದ್ರಿ, ಕೈ ಹೆಂಗ ತಳ್ಳಸಿದ್ರಿ, ಯಾವಾಗ ಬಿಟ್ಟು ಏಳು ಅಂದಿದ್ರಿ ಅಂತ ಒಂದೊಂದ ಕೇಳಿದ. ವಸ್ತಾದ್ರು ಖುಷ್ಯಾಗಿ ಎಲ್ಲಾ ಹೇಳಿದ್ರು.

ಮುಂದಿನ ಹಂಗಾಮಿಗೆ ಕಿತ್ತೂರ ಹತ್ತರದ ಒಂದು ಕಣದಾಗ ಜೋಡಿ ಕೂಡಿಸುವಾಗ ಅಂವ ತಾನು ಲಂಗೋಟಿ ಕಟ್ಟಲಿಲ್ಲ, ಮಗನ್ನ ಮುಂದ ಬಿಟ್ಟ. ಆ ಹುಡುಗ ನಮ್ಮವನ ಬಲಗಡೆ ಸುತ್ತಿದ, ಮುಂಗೈ ತಳ್ಳಿದ, ನಾವು ಕೊಟ್ಟ ಕಾಲು ಮುಟ್ಟಲೇ ಇಲ್ಲ. ಕುಸ್ತಿ ಹೆಂಗ ಮುಗೀತು ಅಂತ ನಮ್ಮ ಗರಡ್ಯಾಗ ಯಾರೂ ಹೇಳೂದಿಲ್ಲ, ನಾನೂ ಹೇಳಾಂವಲ್ಲ.